ಲಿಥಿಯಂ ಸೆಲ್ಲು ಹಾಕಿದ ಮೇಲೆ ಆಟಿಕೆಯ ರಿಮೋಟ್ ಕಾರು ಮುಂದಕ್ಕೆ ಹೋಗುತ್ತಿಲ್ಲ: ಬೋರ್ಡನ್ನು ಸರಿಪಡಿಸುವುದೋ, ಎಲ್ಲವನ್ನೂ ಬದಲಿಸುವುದೋ?

ನೀರ್ಚಾಲಿನ ಅಂಗಳ

ಕಳೆದ ವಿಷುವಿಗೆ ತಂಗಿಯ ಮಗನಿಗೆಂದು ತಂದುಕೊಟ್ಟ ರಿಮೋಟ್ ಕಾರೊಂದು ಈಗ ಹೆಚ್ಚುಕಡಿಮೆ ನನ್ನದೇ ಆಗಿದೆ. ಹುಡುಗನು ವಾರದೊಳಗೆ ಕ್ರಿಕೆಟ್ಟಿಗೆ ಮರಳಿದನು. ನಾನು ಮಾತ್ರ ಸ್ಕ್ರೂಡ್ರೈವರ್ ಹಿಡಿದುಕೊಂಡು ಅದರ ಮುಂದೆಯೇ ಉಳಿದೆ. ಕಾರು ಗೇಣಿಗಿಂತ ತುಸು ಉದ್ದವಿರುವ ಜೀಪಿನ ಮಾದರಿಯದು. ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಮೋಟಾರಿನ ಸಂಪರ್ಕವಿದೆ, ನಾಲ್ಕು ಪೆನ್ಸಿಲ್ ಸೆಲ್ಲುಗಳಿಂದ ಓಡುತ್ತದೆ, ರಿಮೋಟಿನ ಬೆನ್ನಿಗೆ 27 ಮೆಗಾಹರ್ಟ್ಸ್ ಎಂದು ಅಚ್ಚಾಗಿದೆ. ಮೋಟಾರು ಎರಡು ಬದಿ ಚಪ್ಪಟೆಯಾಗಿದ್ದು, ಅಳೆದಾಗ 25 ಮಿ.ಮೀ. ಉದ್ದ ಮತ್ತು 20 ಮಿ.ಮೀ. ಅಗಲ ಸಿಕ್ಕಿತು.

ಅಡಿಕೆ ಒಣಗಲು ಹಾಕಿದ ಮೇಲೆ ಅಂಗಳವು ನಮ್ಮದಾಗಿ ಉಳಿಯುವುದಿಲ್ಲವೆಂಬುದು ಇಲ್ಲಿಯ ಎಲ್ಲರಿಗೂ ಗೊತ್ತಿರುವ ಸಂಗತಿ. ಆದ್ದರಿಂದ ಈಗ ಕಾರು ಓಡಿಸಲು ಉಳಿದಿರುವುದು ಅಂಗಳದಿಂದ ಗೇಟಿನವರೆಗೆ ಮುರಕಲ್ಲನ್ನು ಕಡಿದು ಮಾಡಿದ ಏರುದಾರಿ ಮಾತ್ರ. ಸಿಮೆಂಟಿನ ನೆಲದಲ್ಲಿ ಚೆನ್ನಾಗಿಯೇ ಓಡುವ ಕಾರು ಆ ಏರಿನಲ್ಲಿ ಅರ್ಧಕ್ಕೆ ಬಂದು ನಿಂತುಬಿಡುತ್ತದೆ. ಶಕ್ತಿ ಸಾಲುತ್ತಿಲ್ಲವೆಂದು ತಿಳಿದು, ಹಳೆಯ ಪವರ್ ಬ್ಯಾಂಕಿನಿಂದ ತೆಗೆದ ಎರಡು 18650 ಲಿಥಿಯಂ ಸೆಲ್ಲುಗಳನ್ನು ಸರಣಿಯಲ್ಲಿ ಜೋಡಿಸಿ ಪೆನ್ಸಿಲ್ ಸೆಲ್ಲುಗಳ ಬದಲಿಗೆ ಹಾಕಿದೆ. ಎರಡು ದಿನ ಕಾರು ಹಾರಿತೆಂದೇ ಹೇಳಬೇಕು. ಮೂರನೆಯ ದಿನ ಅದೇ ಏರಿನಲ್ಲಿ ಸುಟ್ಟ ವಾಸನೆ ಬಂದು ಮುಂದಕ್ಕೆ ಚಲಿಸುವುದು ನಿಂತಿತು. ಹಿಂದಕ್ಕೆ ಈಗಲೂ ಸರಿಯಾಗಿ ಓಡುತ್ತದೆ, ಎಡಬಲ ತಿರುಗುವುದರಲ್ಲಿಯೂ ದೋಷವಿಲ್ಲ.

ಬೋರ್ಡನ್ನು ಸರಿಪಡಿಸಲು ಸಾಧ್ಯವೇ, ಅಥವಾ ಬೋರ್ಡು, ರಿಮೋಟು, ಮೋಟಾರು ಎಲ್ಲವನ್ನೂ ಬದಲಿಸುವುದೇ ಮೇಲೇ? ಇದುವರೆಗೆ ಸೆಲ್ಲುಗಳನ್ನು ಬಿಡಿಸಿ ಟಿಪಿ4056 ಎಂಬ ಸಣ್ಣ ಹಲಗೆಯಿಂದ ಒಂದೊಂದಾಗಿ ಚಾರ್ಜ್ ಮಾಡುತ್ತಿದ್ದೇನೆ. ಎರಡನ್ನೂ ಜೋಡಿಸಿದಂತೆಯೇ ಚಾರ್ಜ್ ಮಾಡಬಹುದೇ? ಇನ್ನೊಂದು ಸಣ್ಣ ತೊಂದರೆಯೂ ಇದೆ. ನೆರೆಮನೆಯ ಹುಡುಗನ ಬಳಿ ಬೇರೆಯೇ ಕಾರು ಇದ್ದರೂ ಅವನ ರಿಮೋಟಿಗೆ ನನ್ನ ಜೀಪೂ ಕುಣಿಯುತ್ತದೆ.

ಹಳೆಯ ಮಲ್ಟಿಮೀಟರ್

ಕುಂಬಳೆ ಪೇಟೆಯಲ್ಲಿ ಬಹುಕಾಲ ರೇಡಿಯೋ ಮತ್ತು ಟೇಪ್‌ರೆಕಾರ್ಡರ್ ದುರಸ್ತಿ ಮಾಡಿಕೊಂಡಿದ್ದವನು ನಾನು. ಆಟಿಕೆಯ ಕಾರುಗಳು ನನ್ನ ಮೇಜಿಗೆ ಬಂದದ್ದು ಮೊಮ್ಮಕ್ಕಳ ಕಾಲದಲ್ಲಿ. ನೀವು ಬರೆದ ಲಕ್ಷಣಗಳಿಂದಲೇ ರೋಗವನ್ನು ಬಹುಮಟ್ಟಿಗೆ ಗುರುತಿಸಬಹುದು.

ಇಂತಹ ಬೋರ್ಡುಗಳಲ್ಲಿ ಮೋಟಾರನ್ನು ಎರಡೂ ದಿಕ್ಕಿಗೆ ತಿರುಗಿಸುವುದಕ್ಕಾಗಿ ನಾಲ್ಕು ಟ್ರಾನ್ಸಿಸ್ಟರುಗಳನ್ನು ಇಂಗ್ಲಿಷಿನ ಎಚ್ ಅಕ್ಷರದ ಆಕಾರದಲ್ಲಿ ಜೋಡಿಸಿರುತ್ತಾರೆ. ಅಕ್ಷರದ ನಡುವಿನ ಅಡ್ಡಗೆರೆಯೇ ಮೋಟಾರು. ಮುಂದಕ್ಕೆ ಹೋಗುವಾಗ ಒಂದು ಕರ್ಣದ ಎರಡು ಟ್ರಾನ್ಸಿಸ್ಟರುಗಳು, ಹಿಂದಕ್ಕೆ ಬರುವಾಗ ಇನ್ನೊಂದು ಕರ್ಣದ ಎರಡು ಕೆಲಸ ಮಾಡುತ್ತವೆ. ಸುಟ್ಟ ಟ್ರಾನ್ಸಿಸ್ಟರು ಒಳಗೆ ಶಾರ್ಟ್ ಆಗಿದ್ದರೆ, ಹಿಂದಿನ ಗುಂಡಿ ಒತ್ತಿದೊಡನೆ ವಿದ್ಯುತ್ತು ಮೋಟಾರನ್ನು ಬಿಟ್ಟು ಒಂದೇ ಬದಿಯ ಎರಡು ಟ್ರಾನ್ಸಿಸ್ಟರುಗಳ ಮೂಲಕ ನೇರವಾಗಿ ಹರಿದು ಹೊಗೆ ಏಳುತ್ತಿತ್ತು. ನಿಮ್ಮದು ಹಿಂದಕ್ಕೆ ಸರಿಯಾಗಿ ಓಡುತ್ತಿರುವುದರಿಂದ, ಮುಂದಿನ ಕರ್ಣದ ಒಂದು ಟ್ರಾನ್ಸಿಸ್ಟರು ಸುಟ್ಟು ಕಡಿದುಹೋಗಿದೆಯೆಂದು ತಿಳಿಯುತ್ತದೆ. ಇದು ಅದೃಷ್ಟವೇ ಸರಿ. ರಿಮೋಟಿನ ಸಂಕೇತವನ್ನು ಓದುವ ಚಿಪ್ಪು ಉಳಿದಿದೆ, ಬೋರ್ಡೂ ಉಳಿಯುತ್ತದೆ.

ಟ್ರಾನ್ಸಿಸ್ಟರಿನ ಮೂರು ಕಾಲುಗಳಿಗೆ ಬೇಸು, ಎಮಿಟರ್, ಕಲೆಕ್ಟರ್ ಎಂದು ಹೆಸರು. ಮಲ್ಟಿಮೀಟರನ್ನು ಡಯೋಡ್ ಸ್ಥಾನದಲ್ಲಿಟ್ಟು ಬೇಸಿನಿಂದ ಎಮಿಟರಿಗೂ ಬೇಸಿನಿಂದ ಕಲೆಕ್ಟರಿಗೂ ಅಳೆದರೆ, ಒಳ್ಳೆಯ ಟ್ರಾನ್ಸಿಸ್ಟರು ಎರಡೂ ಕಡೆ 0.6ರಿಂದ 0.7 ವೋಲ್ಟ್ ತೋರಿಸುತ್ತದೆ. ಬೋರ್ಡಿನಲ್ಲಿರುವಾಗಲೇ ಅಳೆದರೆ ನೆರೆಯ ಬಿಡಿಭಾಗಗಳು ಸುಳ್ಳು ಹೇಳುತ್ತವೆ, ಆದ್ದರಿಂದ ಕಳಚಿ ಅಳೆಯಬೇಕು. ಒಂದು ಹೋಗಿದ್ದರೂ ನಾಲ್ಕನ್ನೂ ಬದಲಿಸಿರಿ, ಏಕೆಂದರೆ ಉಳಿದ ಮೂರೂ ಅದೇ ಬಿಸಿಯನ್ನು ತಿಂದಿವೆ. ಮೈಮೇಲೆ 8050 ಮತ್ತು 8550 ಎಂದು ಬರೆದ ಪುಟ್ಟ ಟ್ರಾನ್ಸಿಸ್ಟರುಗಳಿದ್ದರೆ, ಅವುಗಳ ಬದಲಿಗೆ 3 ಆಂಪಿಯರ್ ತಾಳುವ ಡಿ882 ಮತ್ತು ಬಿ772 ಜೋಡಿಯನ್ನು ಹಾಕಬಹುದು. ಆದರೆ ಕಾಲುಗಳ ಕ್ರಮ ಬೇರೆಯಾಗಿದೆ: ಪುಟ್ಟದರಲ್ಲಿ ಬೇಸು ನಡುವೆ, ಡಿ882ರಲ್ಲಿ ಕಲೆಕ್ಟರ್ ನಡುವೆ. ಕಾಲುಗಳನ್ನು ದಾಟಿಸಿ ಬಾಗಿಸುವಾಗ ಒಂದಕ್ಕೆ ಪ್ಲಾಸ್ಟಿಕ್ ಕೊಳವೆ ತೊಡಿಸುವುದನ್ನು ಮರೆಯಬೇಡಿ.

ಇನ್ನು ಅದು ಸುಟ್ಟದ್ದೇಕೆ ಎಂಬುದು. ಆರು ವೋಲ್ಟಿನ ಕಡೆಗೆ 8.4 ವೋಲ್ಟ್ ಬಂದದ್ದರಿಂದ ಎಂದು ಹೇಳಿದರೆ ಅದು ಅರ್ಧ ಉತ್ತರ ಮಾತ್ರ. ಸಾಮಾನ್ಯ ಆಲ್ಕಲೈನ್ ಪೆನ್ಸಿಲ್ ಸೆಲ್ಲಿನೊಳಗೇ ಒಂದಷ್ಟು ತಡೆ ಇರುತ್ತದೆ. ಲೆಕ್ಕಕ್ಕೆಂದು ಒಂದೊಂದರಲ್ಲಿ 0.2 ಓಮ್ ಎಂದಿಟ್ಟುಕೊಂಡರೆ ನಾಲ್ಕರಲ್ಲಿ 0.8 ಓಮ್ ಆಯಿತು. ಮೋಟಾರಿನ ಸುರುಳಿ ಒಂದು ಓಮ್ ಎಂದುಕೊಳ್ಳೋಣ. ಏರಿನಲ್ಲಿ ಸಿಕ್ಕಿಬಿದ್ದು ಮೋಟಾರು ತಿರುಗದೆ ನಿಂತಾಗ 6 ವೋಲ್ಟನ್ನು 1.8ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 3.3 ಆಂಪಿಯರ್ ಹರಿಯುತ್ತದೆ. ಲಿಥಿಯಂ ಸೆಲ್ಲಿನ ಒಳತಡೆ ಅತ್ಯಲ್ಪ. ಎರಡಕ್ಕೂ ಸೇರಿ 0.1 ಓಮ್ ಹಿಡಿದರೆ 8.4 ವೋಲ್ಟಿಗೆ 7.6 ಆಂಪಿಯರ್ ಆಗುತ್ತದೆ. ಸುರುಳಿಯ ಬಿಸಿಯು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ವೋಲ್ಟೇಜು ಒಂದೂವರೆ ಪಟ್ಟೂ ಆಗದಿದ್ದರೂ ಬಿಸಿ ಐದು ಪಟ್ಟು ದಾಟಿತು. ಬಡಪಾಯಿ ಪೆನ್ಸಿಲ್ ಸೆಲ್ಲುಗಳು ತಮ್ಮ ದೌರ್ಬಲ್ಯದಿಂದಲೇ ಇಷ್ಟು ದಿನ ಆ ಬೋರ್ಡನ್ನು ಕಾಯುತ್ತಿದ್ದವು. ಬೋರ್ಡನ್ನು ಮಾಡಿದವರು ಕೂಡ ಅವುಗಳನ್ನೇ ನೆಚ್ಚಿಕೊಂಡಿದ್ದರು.

ಮೂಲ ಬೋರ್ಡನ್ನೇ ಇಟ್ಟುಕೊಳ್ಳುವುದಾದರೆ ಐದು ನಿಕಲ್ ಮೆಟಲ್ ಹೈಡ್ರೈಡ್ ಪೆನ್ಸಿಲ್ ಸೆಲ್ಲುಗಳನ್ನು ಹಾಕಿರಿ. ಒಂದೊಂದು 1.2 ವೋಲ್ಟಿನಂತೆ ಐದಕ್ಕೆ ಸರಿಯಾಗಿ 6 ವೋಲ್ಟ್ ಆಗುತ್ತದೆ. ಒಳತಡೆ ಇವುಗಳಲ್ಲಿಯೂ ಕಡಿಮೆಯೇ ಇರುವುದರಿಂದ ಟ್ರಾನ್ಸಿಸ್ಟರುಗಳನ್ನು ಮೊದಲು ಬಲಪಡಿಸಿ, ಮೋಟಾರಿನ ದಾರಿಯಲ್ಲಿ 3 ಆಂಪಿಯರಿನ ಫ್ಯೂಸೊಂದನ್ನು ಹಾಕಿಕೊಂಡರೆ ನಿಶ್ಚಿಂತೆ. ಟಿಪಿ4056 ಹಲಗೆಯು 4.2 ವೋಲ್ಟಿಗೆ ನಿಲ್ಲುವ, ಒಂದೇ ಸೆಲ್ಲಿನ ಚಾರ್ಜರು. ಸರಣಿಯಲ್ಲಿರುವ ಎರಡಕ್ಕೆ ಅದನ್ನು ಎಂದಿಗೂ ಜೋಡಿಸಬಾರದು. ಅದಕ್ಕೆ 8.4 ವೋಲ್ಟಿನ ಚಾರ್ಜರೂ, ಎರಡು ಸೆಲ್ಲುಗಳನ್ನು ಸಮತೂಗಿಸುವ ರಕ್ಷಣಾ ಹಲಗೆಯೂ ಬೇಕು. ಆ ಹಲಗೆ ಇಲ್ಲದಿದ್ದರೆ ಸೆಲ್ಲು 3 ವೋಲ್ಟಿಗಿಂತ ಕೆಳಗೆ ಇಳಿದದ್ದು ಆಟಿಕೆಯ ಬೋರ್ಡಿಗೆ ತಿಳಿಯುವುದೇ ಇಲ್ಲ. ಅದು ಸೆಲ್ಲು ಸಾಯುವವರೆಗೆ ಓಡಿಸುತ್ತಲೇ ಇರುತ್ತದೆ.

ನೆರೆಮನೆಯ ರಿಮೋಟಿನ ವಿಷಯ ಸರಳವಾಗಿದೆ. ಈ ಅಗ್ಗದ ಬೋರ್ಡುಗಳು ಹೆಚ್ಚಾಗಿ ಒಂದೇ ಜಾತಿಯ ಚಿಪ್ಪುಗಳನ್ನು ಬಳಸುತ್ತವೆ, ರಿಮೋಟು ಕಳುಹಿಸುವ ಸಂಕೇತಕ್ಕೆ ಮನೆಹೆಸರು ಎಂಬುದಿರುವುದಿಲ್ಲ. ಮುಂದೆ ಎಂದು ಯಾರು ಕೂಗಿದರೂ ಎಲ್ಲ ಕಾರುಗಳೂ ಓಗೊಡುತ್ತವೆ.

ಸುರಂಗದೊಳಗಿನ ದೀಪ

ನಾನು ಇಂಜಿನಿಯರಿಂಗ್ ವಿದ್ಯಾರ್ಥಿ, ಮನೆ ಪೆರ್ಲದ ಸಮೀಪ. ಎಲ್ಲವನ್ನೂ ಬದಲಿಸುವ ಎರಡನೆಯ ದಾರಿಯಲ್ಲಿ ಹೋದವನಾದ್ದರಿಂದ ನನ್ನ ಅನುಭವವನ್ನು ಹೇಳುತ್ತೇನೆ.

ಮೂಲ ಬೋರ್ಡನ್ನು ಪೂರ್ತಿ ತೆಗೆದು, ಕಾರಿನಲ್ಲಿ ಒಂದು ಮತ್ತು ಕೈಯಲ್ಲಿ ಒಂದು ಹೀಗೆ ಎರಡು ಇಎಸ್‌ಪಿ32 ಹಲಗೆಗಳನ್ನು, ಅಂದರೆ ನಾವೇ ಪ್ರೋಗ್ರಾಮು ಬರೆದು ಹಾಕಬಹುದಾದ ನಿಸ್ತಂತು ಪುಟ್ಟ ಕಂಪ್ಯೂಟರುಗಳನ್ನು, ಬಳಸಿದೆ. ಇವು 2.4 ಗಿಗಾಹರ್ಟ್ಸ್‌ನಲ್ಲಿ ಪರಸ್ಪರ ಮಾತಾಡುತ್ತವೆ, ಪ್ರತಿಯೊಂದಕ್ಕೂ ತನ್ನದೇ ವಿಳಾಸವಿರುವುದರಿಂದ ನೆರೆಮನೆಯವರ ಕಾಟವಿಲ್ಲ. ಮೊದಲು ಮೊಬೈಲಿನ ಪರದೆಯಲ್ಲೇ ಗುಂಡಿಗಳನ್ನು ಮಾಡಿ ಓಡಿಸಿದ್ದೆ. ಕಣ್ಣು ಕಾರಿನ ಮೇಲಿರುವಾಗ ಬೆರಳು ಗಾಜಿನ ಮೇಲೆ ಎಲ್ಲಿದೆಯೆಂದು ತಿಳಿಯದೆ ಎರಡು ಸಲ ಬಾವಿಕಟ್ಟೆಗೆ ಗುದ್ದಿದ ಮೇಲೆ ನಿಜವಾದ ಜಾಯ್‌ಸ್ಟಿಕ್ಕಿಗೆ ಮರಳಿದೆ. ಆಟಿಕೆಯಲ್ಲಿ ಚಕ್ರವು ಪೂರ್ತಿ ಎಡಕ್ಕೆ ಅಥವಾ ಪೂರ್ತಿ ಬಲಕ್ಕೆ ಹೊರಳುತ್ತದೆ, ಬಿಟ್ಟರೆ ಸ್ಪ್ರಿಂಗು ನಡುವಿಗೆ ತರುತ್ತದೆ. ಅದನ್ನು ತೆಗೆದು ಎಸ್‌ಜಿ90 ಎಂಬ 9 ಗ್ರಾಮಿನ ಸರ್ವೋ ಕೂರಿಸಿದೆ. ಸೆಕೆಂಡಿಗೆ 50 ಸಲ ಕಳುಹಿಸುವ ಮಿಡಿತದ ಉದ್ದವನ್ನು 1 ಮಿಲಿಸೆಕೆಂಡಿನಿಂದ 2 ಮಿಲಿಸೆಕೆಂಡಿನವರೆಗೆ ಬದಲಿಸಿದಂತೆ ಅದು ನಮಗೆ ಬೇಕಾದಷ್ಟೇ ತಿರುಗುತ್ತದೆ, 1.5 ಎಂದರೆ ನೇರ. ನನ್ನ ಮಟ್ಟಿಗೆ ಇಡೀ ಬದಲಾವಣೆಯಲ್ಲಿ ಅತ್ಯಂತ ಸುಖ ಕೊಟ್ಟದ್ದು ವೇಗವಲ್ಲ, ಈ ಸ್ಟಿಯರಿಂಗು.

ತಪ್ಪುಗಳನ್ನೂ ಹೇಳಬೇಕು. ಮೋಟಾರು ನಡೆಸಲು ಮೊದಲು ಎಲ್298ಎನ್ ಹಲಗೆ ತಂದೆ. ಅದು ತನ್ನೊಳಗೇ ಸುಮಾರು 2 ವೋಲ್ಟ್ ನುಂಗುತ್ತದೆ. ಆರರಲ್ಲಿ ಎರಡು ಹೋದರೆ ಮೋಟಾರಿಗೆ ಉಳಿಯುವುದೆಷ್ಟು? ಬಳಿಕ ಡಿಆರ್‌ವಿ8833 ತಂದು ಅದರ ಎರಡು ದಾರಿಗಳನ್ನೂ ಒಂದೇ ಮೋಟಾರಿಗೆ ಸಮಾಂತರವಾಗಿ ಜೋಡಿಸಿದೆ, ಆಗ ಸುಮಾರು 3 ಆಂಪಿಯರಿನವರೆಗೆ ತಾಳುತ್ತದೆ. ಎರಡನೆಯ ಕಿರಿಕಿರಿ ಇನ್ನೂ ವಿಚಿತ್ರವಾಗಿತ್ತು: ಕಾರು ಹೊರಡುವ ಕ್ಷಣದಲ್ಲಿ ಮೋಟಾರು ಎಳೆಯುವ ಪ್ರವಾಹದಿಂದ ವೋಲ್ಟೇಜು ಕುಸಿದು ಇಎಸ್‌ಪಿ32 ಮತ್ತೆ ಮೊದಲಿನಿಂದ ಆರಂಭವಾಗುತ್ತಿತ್ತು, ಕಾರು ಬಿಕ್ಕಳಿಸುತ್ತಿತ್ತು. ಅದಕ್ಕೆ ಬೇರೆಯೇ 5 ವೋಲ್ಟಿನ ನಿಯಂತ್ರಕ ಮತ್ತು 470 ಮೈಕ್ರೋಫ್ಯಾರಡಿನ ಕೆಪಾಸಿಟರು ಕೊಟ್ಟ ಮೇಲೆ ಸರಿಹೋಯಿತು.

ಒಂದು ಸಲಹೆಯನ್ನು ಮಾತ್ರ ಬಿಡಬೇಡಿ. 300 ಮಿಲಿಸೆಕೆಂಡು ಸಂಕೇತ ಬಾರದಿದ್ದರೆ ಮೋಟಾರು ತಾನಾಗಿ ನಿಲ್ಲುವಂತೆ ಪ್ರೋಗ್ರಾಮಿನಲ್ಲಿ ಬರೆಯಿರಿ. ನೀರಿಗಾಗಿ ಗುಡ್ಡಕ್ಕೆ ಕೊರೆದ ನಮ್ಮ ತೋಟದ ಸುರಂಗದೊಳಗೆ ಕ್ಯಾಮರಾ ಕಟ್ಟಿ ಕಾರನ್ನು ಕಳುಹಿಸಿದಾಗ, ಮೊದಲನೆಯ ತಿರುವಿನಲ್ಲಿಯೇ ಮುರಕಲ್ಲಿನ ಗೋಡೆಯು ಸಂಕೇತವನ್ನು ನುಂಗಿಹಾಕಿತು. ಆ ಎರಡು ಸಾಲು ಪ್ರೋಗ್ರಾಮು ಇದ್ದುದರಿಂದ ಕಾರು ಅಲ್ಲಿಯೇ ನಿಂತಿತು; ಇಲ್ಲದಿದ್ದರೆ ನೀರಿನ ಮೂಲದವರೆಗೂ ಹೋಗುತ್ತಿತ್ತೇನೋ. ಟಾರ್ಚು ಹಿಡಿದು ಬಾವಲಿಗಳ ನಡುವೆ ನಾನೇ ಒಳಹೊಕ್ಕು ತರಬೇಕಾಯಿತೆಂಬುದು ಬೇರೆ ಮಾತು.

ಒಟ್ಟು ಖರ್ಚು ಕಾರಿನ ಬೆಲೆಯನ್ನು ದಾಟಿತು. ಕಲಿಯುವ ಆಸೆಯಿದ್ದರೆ ಈ ದಾರಿ ಒಳ್ಳೆಯದು. ಏರು ಹತ್ತುವುದಷ್ಟೇ ಬೇಕಿದ್ದರೆ ಅನಗತ್ಯ.

ಪದವಿನ ಸವಾರ

ಎಲ್ಲರೂ ಉತ್ತರ ಹೇಳುತ್ತಿದ್ದಾರೆ, ಪ್ರಶ್ನೆಯನ್ನು ಯಾರೂ ಕೇಳಿಲ್ಲ. ಏರಿನ ಅರ್ಧದಲ್ಲಿ ಕಾರು ನಿಲ್ಲುವಾಗ ಹಿಂದಿನ ಚಕ್ರಗಳೂ ನಿಲ್ಲುತ್ತವೆಯೇ, ಅಥವಾ ತಿರುಗುತ್ತಲೇ ಇರುತ್ತವೆಯೇ? ಇದನ್ನು ನೋಡಿ ಹೇಳುವವರೆಗೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ.

ನೀರ್ಚಾಲಿನ ಅಂಗಳ

ಬೋರ್ಡು ಇನ್ನೂ ಸರಿಯಾಗಿಲ್ಲದ ಕಾರಣ ಮೋಟಾರಿನ ಎರಡು ತಂತಿಗಳನ್ನು ಅದಲುಬದಲು ಮಾಡಿ, ಹಿಂದಕ್ಕೆ ಹೋಗುವ ಗುಂಡಿಯಿಂದಲೇ ಕಾರನ್ನು ಮುಂದಕ್ಕೆ ಓಡಿಸಿ ನೋಡಿದೆ. ಮತ್ತೆ ಅಪಾಯ ಬೇಡವೆಂದು ಹಳೆಯ ಪೆನ್ಸಿಲ್ ಸೆಲ್ಲುಗಳನ್ನೇ ಹಾಕಿದ್ದೆ. ನೆಲಕ್ಕೆ ಬಗ್ಗಿ ನೋಡಿದಾಗ ನಾಚಿಕೆಯಾಯಿತು: ಎರಡೂ ಚಕ್ರಗಳು ಕೆಂಪು ಹುಡಿಯನ್ನು ಹಿಂದಕ್ಕೆ ಎರಚುತ್ತ ಆರಾಮವಾಗಿ ತಿರುಗುತ್ತಿವೆ, ಕಾರು ಮಾತ್ರ ಇದ್ದಲ್ಲೇ ಇದೆ. ಅದು ಎಲ್ಲಿಯೂ ಸಿಕ್ಕಿಬೀಳದೆ ಹೀಗೆ ಜಾರುತ್ತಿದ್ದರೆ, ಲಿಥಿಯಂ ಹಾಕಿದಾಗ ಸುಟ್ಟದ್ದು ಹೇಗೆಂಬ ಅನುಮಾನ ಬಂತು. ನೆನಪಿಸಿಕೊಂಡರೆ, ಆ ದಿನ ಚಕ್ರವು ಕಲ್ಲಿನ ಸಂದಿಯೊಂದರಲ್ಲಿ ಸಿಕ್ಕಿಕೊಂಡಿತ್ತು. ನಾನು ಗುಂಡಿಯನ್ನು ಬಿಡದೆ ಒತ್ತಿಹಿಡಿದಿದ್ದೆ.

ಪದವಿನ ಸವಾರ

ಹಾಗಾದರೆ ನಿಮ್ಮ ಕಾರಿಗೆ ಶಕ್ತಿಯ ಕೊರತೆ ಎಂದೂ ಇರಲಿಲ್ಲ, ಹಿಡಿತದ ಕೊರತೆಯಿತ್ತು. ಜಾರುವ ಚಕ್ರಕ್ಕೆ ಎಷ್ಟು ಬ್ಯಾಟರಿ ಹಾಕಿದರೂ ಅದು ಇನ್ನಷ್ಟು ಬೇಗ ಜಾರುತ್ತದೆ, ಅಷ್ಟೆ. ಅಗ್ಗದ ಆಟಿಕೆಗಳ ಚಕ್ರವು ರಬ್ಬರಿನಂತೆ ಕಂಡರೂ ಗಟ್ಟಿ ಪ್ಲಾಸ್ಟಿಕ್ಕಿನದಾಗಿರುತ್ತದೆ. ಮುರಕಲ್ಲಿನ ಮೇಲೆ ಹರಳುಹುಡಿ ಇದ್ದರೆ ಅದು ಗೋಲಿಗಳ ಮೇಲೆ ನಿಂತಂತೆಯೇ.

ಹಳೆಯ ಸೈಕಲ್ ಟ್ಯೂಬನ್ನು ಚಕ್ರದ ಅಗಲಕ್ಕೆ ಉಂಗುರದಂತೆ ಕತ್ತರಿಸಿ, ಚಕ್ರದ ಮೈಯನ್ನು ಉಪ್ಪುಕಾಗದದಿಂದ ಉಜ್ಜಿ, ಎಳೆದು ತೊಡಿಸಿರಿ. ಸಣ್ಣ ಮಕ್ಕಳ ಸೈಕಲ್ಲಿನ ದಪ್ಪ ಟ್ಯೂಬಾದರೆ ಬಿಗಿಯಾಗಿ ಕೂರುತ್ತದೆ. ಅಂಚಿನ ನಾಲ್ಕು ಕಡೆ ಒಂದೊಂದು ಹನಿ ಫೆವಿಕ್ವಿಕ್ ಸಾಕು. ಅದರ ಮೇಲೆ ಅಡ್ಡಪಟ್ಟಿಗಳನ್ನು ಅಂಟಿಸಿದರೆ ಹುಡಿಯನ್ನು ಕಚ್ಚುವ ಹಲ್ಲುಗಳಾಗುತ್ತವೆ. ಆದರೆ ಅತಿ ದಪ್ಪ ಮಾಡಬೇಡಿ. ಚಕ್ರದ ವ್ಯಾಸ 60ರಿಂದ 66 ಮಿ.ಮೀ.ಗೆ ಏರಿದರೆ ಎಳೆಯುವ ಬಲ ಹತ್ತಿರ ಹತ್ತಿರ ಹತ್ತನೆಯ ಒಂದಂಶ ಕಡಿಮೆಯಾಗುತ್ತದೆ. ನಾನೊಮ್ಮೆ ಅತಿಬುದ್ಧಿವಂತನಾಗಿ ತೋಟದ ರಬ್ಬರ್ ಹಾಲಿನಲ್ಲಿಯೇ ಚಕ್ರಗಳನ್ನು ಅದ್ದಿ ಒಣಗಿಸಿದ್ದೆ. ಎರಡು ಸುತ್ತು ಓಡುವಷ್ಟರಲ್ಲಿ ಹಾವಿನ ಪೊರೆಯಂತೆ ಕಳಚಿಬಿತ್ತು.

ಅನಂತರ ಸೆಲ್ಲುಗಳ ಡಬ್ಬಿಯನ್ನು ಹಿಂದಿನ ಅಚ್ಚಿನ ಮೇಲಕ್ಕೆ ಸರಿಸಿರಿ. ಭಾರ ಚಾಲನೆಯ ಚಕ್ರದ ಮೇಲಿದ್ದಷ್ಟೂ ಹಿಡಿತ ಹೆಚ್ಚು. ಮಿತಿಮೀರಿದರೆ ಏರಿನಲ್ಲಿ ಮೂತಿ ಮೇಲೆದ್ದು ಸ್ಟಿಯರಿಂಗೇ ಕೆಲಸ ಮಾಡುವುದಿಲ್ಲ, ಆದ್ದರಿಂದ ಸ್ವಲ್ಪ ಸ್ವಲ್ಪವೇ ಸರಿಸಿ ನೋಡಬೇಕು. ಮೇಲ್ಭಾಗದ ಪ್ಲಾಸ್ಟಿಕ್ ಕವಚವು ಭಾರವಾಗಿದ್ದರೆ ಕಾರು ಅಡ್ಡಬೀಳುತ್ತದೆ. ನನ್ನ ಒಂದು ಕಾರಿಗೆ ನಾನು ಅಡಿಕೆಯ ಹಾಳೆಯಿಂದ ಕವಚ ಮಾಡಿದ್ದೇನೆ. ಹಾಳೆಯನ್ನು ನೀರಿನಲ್ಲಿ ನೆನೆಸಿ ಮೆತ್ತಗಾಗಿಸಿ, ಮುಟ್ಟಾಳೆ ಕಟ್ಟುವಂತೆ ಮಡಚಿ ಹೊಲಿದು, ಮೂಲ ಕವಚದ ಮೇಲೆಯೇ ದಾರದಿಂದ ಬಿಗಿದು ಒಣಗಿಸಿದರೆ ಆಕಾರ ನಿಲ್ಲುತ್ತದೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಒಂದು ಕೈ ವಾರ್ನಿಷ್ ಬಳಿಯಬೇಕು. ಗುದ್ದಿದರೆ ಬಾಗುತ್ತದೆಯೇ ಹೊರತು ಒಡೆಯುವುದಿಲ್ಲ, ಹೋದರೆ ತೋಟದಲ್ಲಿ ಇನ್ನೊಂದು ಬಿದ್ದಿರುತ್ತದೆ.

ಗೇರುಪೆಟ್ಟಿಗೆಯನ್ನೂ ಒಮ್ಮೆ ಬಿಚ್ಚಿರಿ. ನಮ್ಮ ಕೆಂಪು ಹುಡಿಯಲ್ಲಿ ಅಯಸ್ಕಾಂತಕ್ಕೆ ಅಂಟುವ ಕಣಗಳಿವೆ. ಅವು ಮೋಟಾರಿನ ಕಿಂಡಿಗಳಿಂದ ಒಳಸೇರಿ ಅಲ್ಲಿಯೇ ನೆಲೆಸುತ್ತವೆ. ಹಲ್ಲುಗಳಿಗೆ ಸಿಲಿಕೋನ್ ಗ್ರೀಸು ಹಾಕಿರಿ, ದಯವಿಟ್ಟು ತೆಂಗಿನೆಣ್ಣೆ ಹಾಕಬೇಡಿ. ಧನುರ್ಮಾಸದ ಬೆಳಗ್ಗೆ ಬಾಟಲಿಯಲ್ಲಿ ಗಟ್ಟಿಯಾಗುವ ಎಣ್ಣೆಯು ಗೇರಿನಲ್ಲಿಯೂ ಗಟ್ಟಿಯಾಗುತ್ತದೆ, ಮಧ್ಯಾಹ್ನ ಕರಗಿ ಹುಡಿಯನ್ನೆಲ್ಲ ಕಲಸಿ ಲೇಪ ಮಾಡುತ್ತದೆ.

ಇಷ್ಟು ಮಾಡಿದ ಬಳಿಕವೂ ಚಕ್ರ ಜಾರದೆ ಮೋಟಾರೇ ನಿಲ್ಲುವಂತಾದರೆ ಆಗ ಶಕ್ತಿಯ ಮಾತು. ನಿಮ್ಮ ಅಳತೆ ನೋಡಿದರೆ ಅದು 130 ಗಾತ್ರದ ಮೋಟಾರು. ಅದೇ ದಪ್ಪದ, 32 ಮಿ.ಮೀ. ಉದ್ದದ 180 ಗಾತ್ರದ್ದು ಸಿಗುತ್ತದೆ. ಹಿಂದೆ 7 ಮಿ.ಮೀ. ಜಾಗವಿದ್ದರೆ ಕೂರುತ್ತದೆ. ಅದಕ್ಕೂ ಮೇಲೆ ಆಸೆಯಾದರೆ ಆಟಿಕೆಗೆ ದುಡ್ಡು ಸುರಿಯದೆ ಹವ್ಯಾಸಿಗಳ ದರ್ಜೆಯ ಕಾರನ್ನೇ ಕೊಳ್ಳುವುದು ಲೇಸು. ಜಪಾನಿನ ತಮಿಯಾ ಸಂಸ್ಥೆ 1976ರಲ್ಲಿ ಪೋರ್ಷೆ 934ರ 1:12 ಪ್ರಮಾಣದ ಮಾದರಿಯನ್ನು ನಾವೇ ಜೋಡಿಸಿಕೊಳ್ಳುವ ಕಿಟ್ಟಾಗಿ ತಂದಿತು; ಆ ಬಗೆಯ ಕಾರುಗಳಲ್ಲಿ ಮುರಿದ ಒಂದು ಗೇರನ್ನೋ ತೋಳನ್ನೋ ಬಿಡಿಯಾಗಿ ತಂದು ಹಾಕಬಹುದು. ಆಟಿಕೆಯಲ್ಲಿ ಒಂದು ಹಲ್ಲು ಮುರಿದರೆ ಇಡೀ ಕಾರೇ ಮುಗಿಯಿತು.

ನೀರ್ಚಾಲಿನ ಅಂಗಳ

ಮೂರು ವಾರಗಳ ಬಳಿಕ ಬರೆಯುತ್ತಿದ್ದೇನೆ. ಬೋರ್ಡಿನಲ್ಲಿದ್ದದ್ದು 8050 ಮತ್ತು 8550 ಜೋಡಿಯೇ. ಮಂಗಳೂರಿಗೆ ಹೋದಾಗ ಡಿ882, ಬಿ772 ತಂದು ಕಾಲು ದಾಟಿಸಿ ಬೆಸುಗೆ ಹಾಕಿದೆ. ಮೊದಲ ಪ್ರಯತ್ನದಲ್ಲಿ ಒಂದನ್ನು ತಿರುಗಮುರುಗ ಹಾಕಿದ್ದರಿಂದ ಫ್ಯೂಸು ಹೋಯಿತು, ಟ್ರಾನ್ಸಿಸ್ಟರು ಉಳಿಯಿತು. ಫ್ಯೂಸು ಹಾಕಲು ಹೇಳಿದವರಿಗೆ ನಾನು ಋಣಿ. ಐದು ನಿಕಲ್ ಸೆಲ್ಲುಗಳು ಹಿಂದಿನ ಅಚ್ಚಿನ ಮೇಲೆ ಕುಳಿತಿವೆ, ಚಕ್ರಗಳಿಗೆ ಟ್ಯೂಬಿನ ಉಂಗುರ ತೊಡಿಸಿದ್ದೇನೆ. ಕಾರು ಈಗ ಗೇಟಿನವರೆಗೆ ನಿಲ್ಲದೆ ಹತ್ತುತ್ತದೆ. ಹಾಳೆಯ ಕವಚವನ್ನು ನನ್ನ ಅಮ್ಮ ಹೊಲಿದುಕೊಟ್ಟರು. ಜೀಪಿಗಿಂತ ಹೆಚ್ಚಾಗಿ ತೊಟ್ಟಿಲಿನಂತೆ ಕಾಣುತ್ತದೆ.

ಉಳಿದಿರುವ ತೊಂದರೆಗಳು ಎರಡು. ಗೇಟಿನ ಬಳಿಯ ತಿರುವಿನಲ್ಲಿ ಚಕ್ರ ಪೂರ್ತಿ ಹೊರಳುವುದರಿಂದ ಕಾರು ಮಗುಚುತ್ತದೆ. ಮತ್ತು ಮೊನ್ನೆ ಅದು ಏರಿನ ತುದಿಯಲ್ಲಿರುವಾಗ ನೆರೆಮನೆಯ ಹುಡುಗನು ತನ್ನ ರಿಮೋಟು ಒತ್ತಿದ್ದರಿಂದ ತಾನಾಗಿ ಹಿಂದಕ್ಕೆ ಬಂದು ನೀರಿನ ಕಣಿಗೆ ಬಿತ್ತು. ಎರಡಕ್ಕೂ ಸೇರಿ ಒಂದೇ ಮದ್ದೆಂದರೆ ಸರ್ವೋ ಮತ್ತು 2.4 ಗಿಗಾಹರ್ಟ್ಸ್ ಎಂದು ತೋರುತ್ತದೆ. ಪೆರ್ಲದವರು ತಮ್ಮ ಪ್ರೋಗ್ರಾಮನ್ನು ಇಲ್ಲಿ ಹಾಕಿದರೆ ಬೇಸಗೆ ರಜೆಯಲ್ಲಿ ತಂಗಿಯ ಮಗನನ್ನೂ ಕೂರಿಸಿಕೊಂಡು ಮಾಡುವ ಯೋಚನೆಯಿದೆ. ಆ ಎರಡು ಲಿಥಿಯಂ ಸೆಲ್ಲುಗಳನ್ನು ಅಲ್ಲಿಯವರೆಗೆ ಹೇಗಿಡಬೇಕು?

ಹಳೆಯ ಮಲ್ಟಿಮೀಟರ್

ಬಿಡಿಸಿ, ಒಂದೊಂದೂ 3.8 ವೋಲ್ಟಿನ ಆಸುಪಾಸಿನಲ್ಲಿರುವಂತೆ ಮಾಡಿ, ತುದಿಗಳಿಗೆ ಟೇಪು ಸುತ್ತಿ, ಬಿಸಿಲು ಬೀಳದ ಕಡೆ ಇಡಿರಿ. ತುಂಬಿಸಿಯೂ ಇಡಬಾರದು, ಬರಿದಾಗಿಸಿಯೂ ಇಡಬಾರದು. ಅಡಿಕೆಯ ಸೋಲಾರ್ ಗೂಡಿನಲ್ಲಿ ಜಾಗವಿದೆಯೆಂದು ಅಲ್ಲಿಡಬೇಡಿ. ಅಲ್ಲಿಯ ಮಧ್ಯಾಹ್ನದ ಬಿಸಿ ಅಡಿಕೆಗೆ ಸರಿ, ಸೆಲ್ಲಿಗಲ್ಲ. ತಿಂಗಳ ಬಳಿಕ ಅಳೆದಾಗ ಒಂದು ಸೆಲ್ಲು ಇನ್ನೊಂದಕ್ಕಿಂತ ಬಹಳ ಇಳಿದಿದ್ದರೆ, ಆ ಜೋಡಿಯನ್ನು ಮತ್ತೆ ಸರಣಿಯಲ್ಲಿ ಕೂಡಿಸಬೇಡಿ.